ಬೆರಳಿಗೆ ಸಿಗದ ಶಿಮ್

"ನಂಬರ್ ಹದಿನಾಲ್ಕು. ಒಂದು ಸಲ ಒತ್ತಿದರೆ ಮೂರು ಬರುತ್ತದೆ." ರಿಪೇರಿ ಪುಸ್ತಕದಲ್ಲಿ ಆ ಬೆಳಿಗ್ಗೆ ಬರೆದಿದ್ದದ್ದು ಇಷ್ಟೇ. ನಾನು ಅದರ ಮುಂದೆ ಒಂದು ಟಿಕ್ ಹಾಕಿ, ಗನ್ನನ್ನು ಬೆಂಚಿನ ಮೇಲೆ ಮಲಗಿಸಿದೆ. ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ ಅಂದುಕೊಂಡಿದ್ದೆ.

ಗನ್ನು ಎಂದರೆ ಆಟದ್ದು, ಏರ್‌ಸಾಫ್ಟ್. ಬ್ಯಾಟರಿಯಿಂದ ನಡೆಯುತ್ತದೆ. ಗುಂಡು ಎಂದರೆ ಕೊತ್ತಂಬರಿ ಬೀಜಕ್ಕಿಂತ ತುಸು ದಪ್ಪದ ಪ್ಲಾಸ್ಟಿಕ್ ಮಣಿ. ದೋಹಾದ ಅಲ್ ಅಜೀಜಿಯಾದಿಂದ ಸ್ವಲ್ಪ ಆಚೆ, ದೊಡ್ಡ ಶೆಡ್ಡೊಂದರ ಒಳಗೆ ಏಸಿ ಹಾಕಿ ಪ್ಲೈವುಡ್ ಗೋಡೆಗಳನ್ನು ನಿಲ್ಲಿಸಿದ ಆಟದ ಅಂಗಳ ನಮ್ಮದು. ವಾರದ ದಿನಗಳಲ್ಲಿ ಆಫೀಸಿನವರ ಗುಂಪು, ಶುಕ್ರವಾರ ಸಂಜೆ ಮನೆಮಂದಿ. ಸುಮಾರು ನಲವತ್ತು ಗನ್ನುಗಳು ತಂತಿಬಲೆಯ ಕಪಾಟಿನಲ್ಲಿ ಬೀಗದೊಳಗೆ ಇರುತ್ತವೆ. ಅವು ಕೆಡದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ನಾನು ಬಿ.ಇ. ಮೆಕ್ಯಾನಿಕಲ್. ನಮ್ಮ ಮನೆಯಲ್ಲಿ ಡಿಗ್ರಿ ಎಂದು ಮಾಡಿದವಳು ನಾನೇ ಮೊದಲು. ಅಪ್ಪ ಮೈಸೂರಿನ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದರು. ಯಾರಾದರೂ ಕೇಳಲಿ ಬಿಡಲಿ, ಇದನ್ನು ನಾನು ಹೇಳಿಯೇ ಹೇಳುತ್ತೇನೆ. ಗಂಡನಿಗೆ ದೋಹಾದಲ್ಲಿ ಕೆಲಸ ಸಿಕ್ಕಿ ಬಂದಾಗ ಮನೆಯಲ್ಲಿ ಸುಮ್ಮನೆ ಕೂರುವುದಕ್ಕೆ ಓದಿದ್ದಲ್ಲ ಎಂದು ಹಟ ಹಿಡಿದು ಹುಡುಕಿದ ಕೆಲಸ ಇದು.

ಬೆಂಚಿನ ಆಚೆ ಬದಿಯಲ್ಲಿ ಕೂರುತ್ತಿದ್ದವರು ಹಿರಿಯ ಮೆಕ್ಯಾನಿಕ್. ಕಾರ್ಕಳದ ಕಡೆಯವರು, ತುಳು ಮನೆಮಾತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷಿನ್ ರಿಪೇರಿ ಕಲಿತು, ದೋಹಾಕ್ಕೆ ಬಂದು ಯೂನಿಫಾರ್ಮ್ ಹೊಲಿಯುವ ವರ್ಕ್‌ಶಾಪ್ ಒಂದರಲ್ಲಿ ವರ್ಷಗಟ್ಟಲೆ ಮಿಷಿನ್ ನೋಡಿಕೊಂಡು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ಮನಸ್ಸು ಬಂದರೆ ತಂಗಿ, ಚುಚ್ಚಬೇಕಾದರೆ ಇಂಜಿನಿಯರಮ್ಮ.

ಗೇರ್‌ಬಾಕ್ಸ್ ಎನ್ನುವುದನ್ನು ನಾವಿಬ್ಬರೂ ಡಬ್ಬಿ ಎಂದೇ ಕರೆಯುತ್ತಿದ್ದೆವು. ಎರಡು ಲೋಹದ ಚಿಪ್ಪು, ಒಳಗೆ ಮೂರು ಗೇರು, ಒಂದು ಪಿಸ್ಟನ್, ಒಂದು ಸ್ಪ್ರಿಂಗ್. ಟ್ರಿಗರ್ ಒತ್ತಿದರೆ ಅದು ಒಂದು ಸಣ್ಣ ಜಾರುಬಂಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಎರಡು ತಾಮ್ರದ ಪಟ್ಟಿ ಕೂಡುತ್ತವೆ, ಮೋಟರಿಗೆ ಕರೆಂಟು ಹೋಗುತ್ತದೆ, ಗೇರು ತಿರುಗುತ್ತವೆ. ಮೂರನೆಯ ಗೇರಿಗೆ ಅರ್ಧ ಸುತ್ತಿಗೆ ಮಾತ್ರ ಹಲ್ಲು. ಹಲ್ಲು ಇರುವ ತನಕ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುತ್ತದೆ, ಹಲ್ಲು ಮುಗಿದ ಕೂಡಲೇ ಬಿಟ್ಟುಬಿಡುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ಹೊಡೆಯುತ್ತದೆ, ಗಾಳಿ ಮಣಿಯನ್ನು ಹೊರಗೆ ತಳ್ಳುತ್ತದೆ. ಒಂದು ಸುತ್ತಿಗೆ ಒಂದು ಮಣಿ.

ಒಂದು ಸುತ್ತಾದ ಮೇಲೆ ನಿಲ್ಲಿಸುವವರು ಯಾರು? ಬೆರಳು ಇನ್ನೂ ಟ್ರಿಗರಿನ ಮೇಲೇ ಇರುತ್ತದಲ್ಲ. ಅದಕ್ಕೆ ಆ ಗೇರಿನ ಎಡಮೈಯಲ್ಲಿ ಒಂದು ಉಬ್ಬು, ಎಡ ಚಿಪ್ಪಿನಲ್ಲಿ ಒಂದು ಸಣ್ಣ ಲಿವರ್. ಸುತ್ತು ಮುಗಿಯುವ ಹೊತ್ತಿಗೆ ಉಬ್ಬು ಬಂದು ಲಿವರಿಗೆ ಗುದ್ದುತ್ತದೆ, ಲಿವರ್ ಜಾರುಬಂಡಿಯನ್ನು ಎತ್ತಿ ಟ್ರಿಗರಿನಿಂದ ಬಿಡಿಸುತ್ತದೆ. ತಾಮ್ರ ಬೇರೆಯಾಗುತ್ತದೆ, ಮೋಟರು ನಿಲ್ಲುತ್ತದೆ. ಬೆರಳು ತೆಗೆದು ಮತ್ತೆ ಒತ್ತಿದರೇ ಇನ್ನೊಂದು. ಅದಕ್ಕೇ ಅದರ ಹೆಸರು ಕಟ್‌ಆಫ್ ಲಿವರ್.

ಹೊರಗೆ ನೀವು ತಿರುಗಿಸುವ ಸೆಲೆಕ್ಟರ್ ಕೀಲಿ ಒಳಗೆ ಒಂದು ತಗಡನ್ನು ಹಿಂದೆ ಮುಂದೆ ಜಾರಿಸುತ್ತದೆ, ಅಷ್ಟೇ. ಮೊದಲನೆಯ ಸ್ಥಾನದಲ್ಲಿ ಟ್ರಿಗರಿಗೆ ಅಡ್ಡ ಬೀಳುತ್ತದೆ, ಅದು ಸೇಫ್. ಎರಡನೆಯದರಲ್ಲಿ ಲಿವರನ್ನು ಅದರ ಪಾಡಿಗೆ ಬಿಡುತ್ತದೆ, ಒಂದೊಂದೇ ಮಣಿ. ಮೂರನೆಯದರಲ್ಲಿ ತಗಡು ಲಿವರನ್ನು ಉಬ್ಬಿನ ದಾರಿಯಿಂದ ಸರಿಸಿ ಹಿಡಿಯುತ್ತದೆ. ಆಗ ತಡೆಯುವವರೇ ಇಲ್ಲ, ಬೆರಳು ತೆಗೆಯುವ ತನಕ ಮಳೆ. ನಮ್ಮ ಅಂಗಳದಲ್ಲಿ ಮೂರನೆಯ ಸ್ಥಾನ ನಿಷಿದ್ಧ. ಎಲ್ಲ ಗನ್ನಿಗೂ ಅಲ್ಲಿಗೆ ಹೋಗದಂತೆ ಹಿತ್ತಾಳೆಯ ತಡೆ ಕೂರಿಸಿದ್ದೆವು. ಹದಿನಾಲ್ಕರ ತಡೆ ಭದ್ರವಾಗಿಯೇ ಇತ್ತು. ಕೀಲಿ ಎರಡರಲ್ಲಿ ನಿಂತಿತ್ತು. ಆದರೂ ಒಳಗೆ ಅದು ಆಗಾಗ ಮೂರರಂತೆ ನಡೆದುಕೊಳ್ಳುತ್ತಿತ್ತು.

"ಎಂತ ಇಂಜಿನಿಯರಮ್ಮ, ಪುಸ್ತಕದಲ್ಲಿ ಉತ್ತರ ಸಿಕ್ಕಿತಾ?" ಅಂದರು ಅಣ್ಣ.

"ಸಿಗತ್ತೆ ಸುಮ್ನಿರಿ ಅಣ್ಣ."

"ಸಿಕ್ಕಿದ್ರೆ ನನಗೂ ಒಂದು ಪ್ರಿಂಟ್ ತೆಗ್ದು ಕೊಡು, ಗೋಡೆಗೆ ಅಂಟಿಸುವ."

ಲಿವರಿನ ತುದಿ ಸವೆದಿದೆಯಾ ನೋಡಿದೆ, ಇಲ್ಲ. ಹೊಸದು ಹಾಕಿದೆ. ಮರಳಿನ ಡಬ್ಬಕ್ಕೆ ಇಪ್ಪತ್ತು ಸಲ ಹೊಡೆದೆ, ಸರಿಯಾಗಿತ್ತು. ಎರಡು ದಿನಕ್ಕೆ ವಾಪಸ್ ಬಂತು. ಆಮೇಲೆ ನಂಬರ್ ಇಪ್ಪತ್ತೆರಡು ಬಂತು, ಮೂವತ್ತೊಂದು ಬಂತು. ತಾಮ್ರದ ಪಟ್ಟಿ ಕರಕಲಾಗಿತ್ತು ಎಂದು ಬದಲಾಯಿಸಿದೆ. ಹೋಗಲಿಲ್ಲ. ಆಗ ನನಗೆ ಹೊಳೆದದ್ದು ಬ್ಯಾಟರಿ. ಆ ತಿಂಗಳು ಹೊಸ ಬ್ಯಾಟರಿ ಬಂದಿದ್ದವು, ಜೋರಾದವು. ಕರೆಂಟು ಕಟ್ ಆದ ಮೇಲೂ ಮೋಟರು ವೇಗದಲ್ಲೇ ಇನ್ನೊಂದು ಸುತ್ತು ಹೋಗಿಬಿಡಬಹುದು. ಹಾಗೆ ಆಗುವುದುಂಟು, ಸುಳ್ಳಲ್ಲ. ಲೆಕ್ಕ ಹಾಕಿ, ಗ್ರಾಫ್ ಬರೆದು ಐದು ಪುಟದ ವರದಿ ಕೊಟ್ಟೆ. ಮಲಯಾಳಿ ಮ್ಯಾನೇಜರ್ ಅದನ್ನು ಓದಿ "ವೆರಿ ಗುಡ್" ಅಂದರು. ಬ್ಯಾಟರಿಗಳನ್ನೆಲ್ಲ ಬದಲಾಯಿಸಿದರು. ಆ ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿಕೊಂಡೆ.

ಬ್ಯಾಟರಿ ಬದಲಾಗಿ ನಾಲ್ಕನೇ ದಿನಕ್ಕೆ ಹದಿನಾಲ್ಕು ಮತ್ತೆ ಬಂತು.

ಈ ಬಾರಿ ನಾನು ಯಾರಿಗೂ ಹೇಳದೆ ಡಬ್ಬಿ ಬಿಚ್ಚಿ, ಗೇರು ಬಿಚ್ಚಿ, ಶಿಮ್‌ಗಳನ್ನು ಅಳೆಯಲು ಕೂತೆ. ಶಿಮ್ ಎಂದರೆ ಗೇರಿನ ಅಚ್ಚಿಗೆ ಎರಡೂ ಬದಿ ತೊಡಿಸುವ ತೆಳುವಾದ ಉಕ್ಕಿನ ಬಳೆ. ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ, ಎರಡು ಭಾಗ, ಮೂರು ಭಾಗ. ಗೇರು ಅತ್ತಿತ್ತ ಅಲುಗದೆ, ಬಿಗಿಯೂ ಆಗದೆ, ತನ್ನ ಜಾಗದಲ್ಲಿ ತಿರುಗಬೇಕಾದರೆ ಇವು ಸರಿಯಿರಬೇಕು. ನೋಡಿದರೆ ಎಲ್ಲ ಒಂದೇ ಥರ.

ಅಣ್ಣ ಇವನ್ನು ಅಳೆಯುತ್ತಿರಲಿಲ್ಲ. ಪೆಪ್ಪರ್‌ಮಿಂಟಿನ ಹಳೆಯ ತಗಡಿನ ಡಬ್ಬಿಯಲ್ಲಿ ಎಲ್ಲ ಅಳತೆಯವೂ ಬೆರೆತು ಎಣ್ಣೆಯಲ್ಲಿ ಬಿದ್ದಿರುತ್ತಿದ್ದವು. ಒಂದನ್ನು ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, "ಎರಡು" ಎನ್ನುವರು. ಇನ್ನೊಂದನ್ನು ಎತ್ತಿ, "ಒಂದು". ನಾನು ಕೆಲಸಕ್ಕೆ ಸೇರಿದ ವಾರ ಸ್ಕ್ರೂ ಗೇಜ್ ತೆಗೆದಿದ್ದಕ್ಕೆ ನಕ್ಕಿದ್ದರು. "ನೀನು ಅದರಲ್ಲಿ ಅಳ್ದು ಮುಗಿಸುವಾಗ ನಾನು ಎರಡು ಡಬ್ಬಿ ಮುಚ್ಚಿ ಊಟ ಮಾಡಿ ಬಂದಿರ್ತೇನೆ ಮಾರಾಯ್ತಿ." ಅವರಿಲ್ಲದಾಗ ಅವರು ಆರಿಸಿಟ್ಟವನ್ನು ನಾನು ಗೇಜಿನಲ್ಲಿಟ್ಟು ನೋಡಿದ್ದೆ. ಹದಿನೈದರಲ್ಲಿ ಹದಿನೈದೂ ಸರಿ. ಕಾಲೇಜಿನ ಲ್ಯಾಬಿನಲ್ಲಿ ನನಗೇ ಅಷ್ಟು ಬಂದಿರಲಿಲ್ಲ. ಅಂದಿನಿಂದ ಗೇಜನ್ನು ಡ್ರಾಯರಿಗೆ ಹಾಕಿದ್ದೆ.

ಈಗ ಅದನ್ನೇ ಹೊರತೆಗೆದು ಹದಿನಾಲ್ಕರ ಎಡಗಡೆಯ ಶಿಮ್ ಅಳೆದೆ. ಎರಡು ಇರಬೇಕಾದ ಕಡೆ ಐದು. ಎಣ್ಣೆಗೆ ಅಂಟಿಕೊಂಡ ಎರಡು ಶಿಮ್‌ಗಳು ಒಂದರಂತೆ ಕೂತಿದ್ದವು. ಬಲಗಡೆಯ ಶಿಮ್ ತೆಗೆದುಹಾಕಿ ಗೇರನ್ನು ಸಡಿಲ ಮಾಡಲಾಗಿತ್ತು. ಹಾಗಾಗಿ ಕೈಯಲ್ಲಿ ತಿರುಗಿಸಿದರೆ ಹಗುರವಾಗಿ ತಿರುಗುತ್ತದೆ, ಏನೂ ತಪ್ಪು ಕಾಣದು. ಆದರೆ ಇಡೀ ಗೇರು ಎಡ ಚಿಪ್ಪಿನಿಂದ ದೂರ ಸರಿದಿದೆ. ಉಬ್ಬು ಲಿವರಿನ ಅಂಚನ್ನು ಮಾತ್ರ ಸವರುತ್ತಿದೆ. ಹತ್ತು ಸಲ ತಾಗುತ್ತದೆ, ಹನ್ನೊಂದನೆಯ ಸಲ ತಪ್ಪುತ್ತದೆ. ತಪ್ಪಿದಾಗ ನಿಲ್ಲಿಸುವವರಿಲ್ಲ.

ಇಪ್ಪತ್ತೆರಡು ಬಿಚ್ಚಿದೆ. ಅದೇ. ಮೂವತ್ತೊಂದು. ಅದೇ. ಅಣ್ಣ ಈಚೆಗೆ ಶಿಮ್ ಬದಲಿಸಿರದ ಡಬ್ಬಿಗಳು ಸರಿಯಿದ್ದವು.

ನಾನು ತಲೆ ಎತ್ತಿದಾಗ ಅಣ್ಣ ಇಬ್ಬರಿಗೂ ಕರಕ್ ಚಹಾ ತಂದು ನಿಂತಿದ್ದರು. ಪೇಪರ್ ಕಪ್ಪುಗಳು ತುಂಬಿ ತುಳುಕಿ, ಕುದಿಯುವ ಚಹಾ ಅವರ ಬಲಗೈಯ ಬೆರಳ ಮೇಲೆ ಇಳಿಯುತ್ತಿತ್ತು. ಅವರು ನನ್ನ ಮುಖವನ್ನು ನೋಡುತ್ತಿದ್ದರು, ಕೈಯನ್ನಲ್ಲ.

"ಅಣ್ಣ, ಕೈ!"

ಅವರು ಕೆಳಗೆ ನೋಡಿದರು. ನಿಧಾನವಾಗಿ ಕಪ್ಪು ಇಟ್ಟು, ಬೇರೆ ಯಾರದೋ ಕೈ ಒರೆಸುವಂತೆ ಒರೆಸಿಕೊಂಡರು. ಬೆರಳು ಕೆಂಪಾಗಿತ್ತು.

"ಗೊತ್ತಾಗ್ಲಿಲ್ವಾ?"

"ಸಕ್ಕರೆ ಉಂಟಲ್ಲ ನನಗೆ," ಅಂದರು. "ಆರು ತಿಂಗಳಾಯ್ತು. ಮೊದಲು ಜುಮ್ ಅಂತಿತ್ತು. ಈಗ ಅದೂ ಇಲ್ಲ." ಬೆರಳುಗಳನ್ನು ಮಡಚಿ ಬಿಡಿಸಿ, "ಕ್ಲಿನಿಕ್ಕಿನವರು ಸತ್ತ ನರ ಮತ್ತೆ ಬರುವುದಿಲ್ಲ ಅಂದ್ರು. ಇದ್ದದ್ದನ್ನು ಉಳಿಸಿಕೊಳ್ಳಿ ಅಂದ್ರು."

ಬೆಂಚಿನ ಮೇಲೆ ಮೂರು ಡಬ್ಬಿಗಳು ಬಿಚ್ಚಿ ಬಿದ್ದಿದ್ದವು, ಪಕ್ಕದಲ್ಲಿ ಗೇಜು.

"ಬ್ಯಾಟರಿ ಅಂತ ಬರ್ದದ್ದು ಬರ್ದಾಯ್ತಲ್ಲ ನೀನು," ಅಂದರು. "ಹಾಗೇ ಇರಲಿ ತಂಗಿ. ಬೆಂಚಿನಿಂದ ಎಬ್ಬಿಸಿದ್ರೆ ನಾನು ಎಲ್ಲಿ ಕೂರ್ಬೇಕು ಹೇಳು? ಹನ್ನೆರಡು ವರ್ಷದವ ಇರುವಾಗ ಕೂತದ್ದು ಇಂಥ ಬೆಂಚಿನ ಎದುರು."

ಅಪ್ಪನ ಕೈ ನೆನಪಾಯಿತು. ಸೋಡಾ ಪುಡಿಯ ನೀರಿನಲ್ಲಿ ಬೆರಳಿನ ಗೆರೆಗಳೇ ಅಳಿಸಿಹೋಗಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. ನಾನು ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂತು ಯೋಚಿಸಿದೆ. ನಂತರ ಒಂದು ಉಪಾಯ ಹೇಳಿದೆ. ಡಬ್ಬಿ ಅವರು ಕಟ್ಟುವುದು. ಚಿಪ್ಪು ಮುಚ್ಚುವ ಮುಂಚೆ ಶಿಮ್ ನಾನು ಅಳೆಯುವುದು. ಅಳೆದದ್ದಕ್ಕೆ ಗುರುತಾಗಿ ಕೊನೆಯ ಸ್ಕ್ರೂವಿನ ತಲೆಗೆ ನನ್ನ ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ. ಚುಕ್ಕೆ ಇಲ್ಲದ ಗನ್ನು ಕಪಾಟಿನಿಂದ ಹೊರಗೆ ಹೋಗಕೂಡದು.

"ಯಾರಾದ್ರೂ ಕೇಳಿದ್ರೆ?"

"ಇಂಜಿನಿಯರಮ್ಮನ ಹುಚ್ಚು ಅನ್ನಿ."

"ಅದು ಎಲ್ಲರೂ ನಂಬ್ತಾರೆ," ಅಂದು ನಕ್ಕರು. ಆ ವಾರದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಎಂಟು ವಾರ ಇದು ನಡೆಯಿತು. ನಲವತ್ತೂ ಡಬ್ಬಿಗಳನ್ನು ಬಿಚ್ಚಿ ಕಟ್ಟಿದೆವು. ರಿಪೇರಿ ಪುಸ್ತಕದಲ್ಲಿ ಎರಡು ಮೂರು ಮಣಿ ಬರುತ್ತದೆ ಎಂಬ ದೂರು ನಿಂತಿತು. ಬ್ಯಾಟರಿ ಬದಲಾಯಿಸಿದ್ದರಿಂದಲೇ ಎಂದು ಮ್ಯಾನೇಜರ್ ನನ್ನ ವರದಿಯನ್ನು ಇನ್ನೊಬ್ಬರಿಗೂ ತೋರಿಸಿದರು. ನಾನು ಸುಮ್ಮನಿದ್ದೆ. ಅಣ್ಣ ಕೈಗೆ ಸಿಕ್ಕಿದ ಶಿಮ್ ಎತ್ತಿ ಹಳೆಯ ಅಭ್ಯಾಸದಂತೆ ಉಜ್ಜಿ, ಏನೂ ಹೇಳದೆ ನನ್ನ ಕಡೆ ಚಾಚುತ್ತಿದ್ದರು. ನಾನು ಗೇಜಿಗೆ ಇಟ್ಟು ಸಂಖ್ಯೆ ಹೇಳುತ್ತಿದ್ದೆ. ಮಾತು ಕಡಿಮೆಯಾಗಿತ್ತು. ಅದು ಕೆಲಸದ ಏಕಾಗ್ರತೆ ಎಂದುಕೊಂಡಿದ್ದೆ.

ಆ ದಿನ ನನ್ನನ್ನು ಮುಶೈರಿಬ್‌ನ ಮುಖ್ಯ ಆಫೀಸಿಗೆ ಕರೆದಿದ್ದರು, ಸುರಕ್ಷತೆಯ ಕಾಗದಪತ್ರಗಳಿಗೆ ಸಹಿ ಹಾಕಲು. ನಾಚಿಕೆಯ ವಿಷಯ, ಆದರೂ ಬರೆಯುತ್ತೇನೆ: ಎಲ್ಲ ಗನ್ನುಗಳೂ ಪರೀಕ್ಷೆಯಾಗಿವೆ ಎಂಬ ಕಾಗದಕ್ಕೆ ನಾನು ಸಹಿ ಹಾಕುತ್ತಿದ್ದ ಹೊತ್ತಿನಲ್ಲೇ ಫೋನ್ ಬಂತು.

ಅಂಗಳದಲ್ಲಿ ಒಂದು ಆಫೀಸಿನ ದೊಡ್ಡ ಗುಂಪು ಇತ್ತು. ಆಟಗಾರರಿಗೆಲ್ಲ ಮುಖ ಪೂರ್ತಿ ಮುಚ್ಚುವ ಮಾಸ್ಕ್. ಒಳಗೆ ನಿಂತು ಆಟ ನಡೆಸುವ ಮಾರ್ಷಲ್‌ಗಳಿಗೆ ಮಾತ್ರ ಕಣ್ಣಿನ ಕನ್ನಡಕ, ಏಕೆಂದರೆ ಅವರ ಬಾಯಲ್ಲಿ ಸೀಟಿ ಇರಬೇಕು. ಹದಿನಾಲ್ಕು ಹಿಡಿದಿದ್ದವನು ಗುರಿಗೆ ಒಂದು ಸಲ ಒತ್ತಿದ. ಅದು ನಿಲ್ಲಲಿಲ್ಲ. ಗಾಬರಿಯಲ್ಲಿ ಬೆರಳು ತೆಗೆಯುವ ಬದಲು ಇನ್ನೂ ಬಿಗಿಯಾಗಿ ಹಿಡಿದು, ನೋಡಿ ಇದು ನಿಲ್ಲುತ್ತಿಲ್ಲ ಎಂದು ತೋರಿಸಲು ಮಾರ್ಷಲ್ ಕಡೆಗೆ ತಿರುಗಿದ. ಆಕೆ ನೇಪಾಳದವಳು, ಇಪ್ಪತ್ತನಾಲ್ಕು ವರ್ಷ, ಎಲ್ಲರಿಗಿಂತ ಚುರುಕು. ಎರಡು ಮಾರು ದೂರದಲ್ಲಿ ನಿಂತಿದ್ದಳು. ಸೀಟಿ ಬಾಯಿಗೆ ಹೋಗುವ ಮೊದಲೇ ಮಣಿ ಹೋಯಿತು.

ನಾನು ತಲುಪುವಾಗ ಆಕೆ ಕಪಾಟಿನ ಮುಂದಿನ ಬೆಂಚಿನಲ್ಲಿ ಕೂತು ಬಟ್ಟೆಯಿಂದ ಬಾಯಿ ಒತ್ತಿಕೊಂಡಿದ್ದಳು. ತುಟಿ ಸೀಳಿತ್ತು. ಮುಂದಿನ ಹಲ್ಲು ಅರ್ಧಕ್ಕೆ ಮುರಿದು, ಆ ಚೂರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದಳು. "ದೀದಿ, ಇದು ಮತ್ತೆ ಅಂಟುತ್ತದಾ?" ಎಂದು ಹಿಂದಿಯಲ್ಲಿ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಆಕೆಯನ್ನು ದಂತವೈದ್ಯರ ಹತ್ತಿರ ಕಳಿಸಿ ಬೆಂಚಿಗೆ ಹೋದೆ.

ಹದಿನಾಲ್ಕನ್ನು ಹೊರಕವಚದಿಂದ ತೆಗೆದೆ. ಕೊನೆಯ ಸ್ಕ್ರೂವಿನ ಮೇಲೆ ಕೆಂಪು ಚುಕ್ಕೆ ಇತ್ತು. ಆದರೆ ನಾನು ಹಾಕಿದ ಚುಕ್ಕೆಯಲ್ಲ. ತಲೆಯ ಮೇಲೆ ಕೂರದೆ ಅರ್ಧ ಚಿಪ್ಪಿನ ಮೇಲೆ ಹರಡಿತ್ತು, ಬ್ರಶ್ಶು ಹಿಡಿಯಲು ಬಾರದ ಕೈ ಹಾಕಿದ ಹಾಗೆ.

"ಜಾಮ್ ಆಗಿತ್ತು," ಅಂದರು ಅಣ್ಣ ಹಿಂದಿನಿಂದ. "ಗುಂಪು ಕಾಯ್ತಾ ಇತ್ತು. ಒಬ್ಬನಿಗೆ ಗನ್ನು ಕಡಿಮೆ ಬಿತ್ತು. ಎಲ್ಲರೂ ಯಲ್ಲಾ ಯಲ್ಲಾ, ಬೇಗ ಬೇಗ ಅಂತ."

"ಬೇರೆ ಗನ್ನು ಇರ್ಲಿಲ್ವಾ ಅಣ್ಣ?"

"ಇತ್ತು."

ನಾನು ತಿರುಗಿ ನೋಡಿದೆ.

"ಇತ್ತು, ಎರಡು ಇತ್ತು ಕಪಾಟಿನಲ್ಲಿ," ಅಂದರು. "ಒಂದು ಸಲ ನನ್ನಷ್ಟಕ್ಕೆ ಮಾಡಿ ನೋಡುವ ಅಂತ ಅನಿಸಿತು. ಎರಡು ತಿಂಗಳಾಯ್ತು ಮಾರಾಯ್ತಿ, ನೀನು ಹೇಳುವುದು, ನಾನು ಹಾಕುವುದು. ಇಪ್ಪತ್ತು ಸಲ ಹೊಡ್ದೆ ಮರಳಿಗೆ. ಇಪ್ಪತ್ತೂ ಸರಿ ಬಂತು. ಎಷ್ಟು ಖುಷಿ ಆಯ್ತು ಗೊತ್ತುಂಟಾ."

ಡಬ್ಬಿ ಬಿಚ್ಚಿದೆ. ಎಡಗಡೆ ನಾಲ್ಕು.

ಮ್ಯಾನೇಜರ್ ಮರುದಿನ ಮಧ್ಯಾಹ್ನದೊಳಗೆ ವರದಿ ಕೇಳಿದರು. ಹಳೆಯ ಗನ್ನು, ಲಿವರ್ ಸವೆದಿರಬೇಕು ಅಲ್ಲವಾ, ಎಂದು ಅವರೇ ದಾರಿ ತೋರಿಸಿದರು. ಅವರಿಗೂ ಅದು ಸುಲಭ. ಸವೆದ ಲಿವರುಗಳು ನನ್ನ ಡ್ರಾಯರಿನಲ್ಲಿ ಬೇಕಾದಷ್ಟು ಇದ್ದವು. ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚೀಟಿ ಅಂಟಿಸಿದರೆ ಯಾರೂ ಕೇಳುತ್ತಿರಲಿಲ್ಲ. ಅಣ್ಣ ಈ ಬಾರಿ ನನ್ನನ್ನು ಏನೂ ಕೇಳಿಕೊಳ್ಳಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ದೋಹಾ ಅಲ್ ಜದೀದಾದ ನಮ್ಮ ಫ್ಲಾಟಿನ ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನ ತಿಂಡಿಯ ಮುಂಚೆ ಬರೆಯಲು ಶುರುಮಾಡಿದೆ. ಕಾರಣ ಎಂಬ ಕಡೆ ನಿಂತೆ. ನಾನು ಅಣ್ಣನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಎಂಟು ವಾರ ಕಳೆದಿದ್ದೆ. ಆ ಎಂಟು ವಾರವೂ ನನ್ನ ಐದು ಪುಟದ ಬ್ಯಾಟರಿ ವರದಿ ಸುರಕ್ಷಿತವಾಗಿತ್ತು. ಅವರ ಮರ್ಯಾದೆಯ ಹಿಂದೆ ನನ್ನದನ್ನೂ ಬಚ್ಚಿಟ್ಟಿದ್ದೆ. ಇವೆರಡರಲ್ಲಿ ಯಾವುದು ಹೆಚ್ಚು ಎಂದು ನನಗೆ ಇಂದಿಗೂ ಖಚಿತವಿಲ್ಲ. ಹುಡುಗಿಯ ಹಲ್ಲು ಹೋದದ್ದು ಮಾತ್ರ ಖಚಿತ.

ಬರೆದೆ. ಗೇರು ಎಡ ಚಿಪ್ಪಿನಿಂದ ಎಷ್ಟು ಸರಿದಿತ್ತು, ಏಕೆ ಸರಿದಿತ್ತು. ಮೆಕ್ಯಾನಿಕ್‌ಗೆ ಬೆರಳಿನ ಸ್ಪರ್ಶವಿಲ್ಲ. ಅದು ನನಗೆ ಎಂಟು ವಾರದಿಂದ ಗೊತ್ತಿತ್ತು, ನಾನು ತಿಳಿಸಲಿಲ್ಲ. ಬ್ಯಾಟರಿಯ ಬಗ್ಗೆ ನಾನು ಮೊದಲು ಕೊಟ್ಟ ವರದಿ ತಪ್ಪು. ಒಂದೂಕಾಲು ಪುಟ ಆಯಿತು. ಕಳಿಸುವ ಮೊದಲು ಬೆಂಚಿಗೆ ಹೋಗಿ ಅಣ್ಣನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಸರಿಯಾಗಿ ಬರ್ದಿದ್ದಿ," ಅಂದರು. "ಖಲಾಸ್. ಕಳಿಸು." ಎದ್ದು ಹೋಗಿ ಕೈ ತೊಳೆದುಕೊಂಡರು.

ನನಗೆ ಎಚ್ಚರಿಕೆಯ ಪತ್ರ ಬಂತು. ಅಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಮಾಡಿದರು. ಮಾಸ್ಕ್ ಕೊಟ್ಟು ತೆಗೆದುಕೊಳ್ಳುವ ಕೌಂಟರಿಗೆ ಹಾಕಿದರು. ಅಲ್ಲಿಂದ ಬೆಂಚು ಕಾಣುತ್ತದೆ. ಆರು ವಾರ ಅವರು ಮಾಸ್ಕ್ ಒರೆಸಿದರು, ಒಂದೊಂದನ್ನೂ ಬೆಳಕಿಗೆ ಹಿಡಿದು, ಗೀರು ಇದೆಯಾ ನೋಡಿ. ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡು ಆ ನೇಪಾಳದ ಹುಡುಗಿ ವಾಪಸ್ ಬಂದಳು. ಮೊದಲ ದಿನ ನೇರವಾಗಿ ಕೌಂಟರಿಗೆ ಹೋಗಿ ಅವರಿಗೆ ನಮಸ್ತೆ ಮಾಡಿದಳು. ಅಣ್ಣ ತಲೆ ಎತ್ತಲಿಲ್ಲ. ಮಾಸ್ಕಿನ ಜೊತೆ ಹೊಸ ಸೀಟಿಯೊಂದನ್ನು ಆಕೆಯ ಮುಂದೆ ಇಟ್ಟರು. ತಾವೇ ತಂದಿದ್ದರು. ಆರನೇ ವಾರದ ಕೊನೆಗೆ ರಾಜೀನಾಮೆ ಕೊಟ್ಟರು.

ಹೊರಡುವ ದಿನ ಮಧ್ಯಾಹ್ನ ಬೆಂಚಿನ ಹತ್ತಿರ ಬಂದರು. ನಾನು ಹದಿನಾಲ್ಕರ ಡಬ್ಬಿಯನ್ನು ಹೊಸದಾಗಿ ಕಟ್ಟುತ್ತಿದ್ದೆ. ಪಕ್ಕದಲ್ಲಿ ಗೇಜು, ಅಳತೆವಾರು ಚೀಟಿ ಅಂಟಿಸಿದ ಮೂರು ಸಣ್ಣ ಡಬ್ಬ. ಅವರ ಪೆಪ್ಪರ್‌ಮಿಂಟ್ ಡಬ್ಬಿಯನ್ನು ನಾನು ಮುಟ್ಟಿರಲಿಲ್ಲ, ಅದು ಅದರ ಜಾಗದಲ್ಲೇ ಇತ್ತು. ಅವರು ಅದನ್ನು ತೆರೆದು ಒಂದು ಶಿಮ್ ಎತ್ತಿದರು. ಎತ್ತಲು ಎರಡು ಸಲ ಪ್ರಯತ್ನಿಸಬೇಕಾಯಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ತುಂಬ ಹೊತ್ತು ಉಜ್ಜಿದರು, ಕಣ್ಣು ಮುಚ್ಚಿಕೊಂಡು.

"ಎರಡು," ಅಂದರು. "ಅಲ್ವಾ?"

ನಾನು ತೆಗೆದುಕೊಂಡು ಗೇಜಿಗೆ ಇಟ್ಟೆ. ಆ ಕ್ಷಣದಲ್ಲಿ ಹೌದು ಎಂದಿದ್ದರೆ ಯಾರ ಹಲ್ಲೂ ಮುರಿಯುತ್ತಿರಲಿಲ್ಲ. ಆ ಶಿಮ್ ಯಾವ ಗನ್ನಿಗೂ ಹೋಗುವುದಿರಲಿಲ್ಲ. ಸಂಜೆ ಅವರ ವಿಮಾನ.

"ಒಂದು, ಅಣ್ಣ."

ಅವರು ತಲೆಯಾಡಿಸಿದರು. ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು.

"ಸುಳ್ಳು ಹೇಳ್ತಿಯಾ ಅಂತ ಹೆದರಿದ್ದೆ," ಅಂದರು.